ಬೆನ್ನೇ ಇಲ್ದಿರೋ ಅಂಗಿಯ ಚಿತ್ರ

ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸ್ಬೇಕಿತ್ತು, ಅದಕ್ಕೆ ಹೋದ ವಾರ ಊರಲ್ಲಿ ಅಟ್ಟ ಖಾಲಿ ಮಾಡ್ತಾ ಕೂತಿದ್ದೆ. ಅಪ್ಪನ ಕಬ್ಬಿಣದ ಟ್ರಂಕು ತೆಗೆದ್ರೆ ಒಳಗೆ ಅಡಿಕೆ ವಖಾರಿಯ ಪಟ್ಟಿ, ಸೊಸೈಟಿ ಪಾಸ್‌ಬುಕ್ಕು, ಅಣ್ಣನ ಮುಂಜಿ ಕರೆಯೋಲೆ, ನಾಕು ನುಸಿಗುಳಿಗೆ, ಇದೆಲ್ಲದರ ಅಡಿಗೆ ಆ ಅಮೆರಿಕದ ಬಟ್ಟೆ ಕ್ಯಾಟಲಾಗು. ಅಂಚು ಹುಳ ತಿಂದಿದೆ, ಒಂದು ಮೂಲೆಗೆ ನೀರು ಬಿದ್ದು ಹಾಳೆಗಳು ಅಂಟ್ಕೊಂಡಿವೆ, ಆದ್ರೆ ನಾನು ಹುಡುಕ್ತಿದ್ದ ಪುಟ ಮಾತ್ರ ಸರಿ ಇತ್ತು. ನಾಕು ಕಿಸೆಯ ಖಾಕಿ ಅಂಗಿಯ ಚಿತ್ರ, ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಲ್ಲಿ ಬರೆದ ಇನ್ನೊಂದು ಅಂಗಿ. ಆ ಪೆನ್ಸಿಲ್ ಅಂಗಿಗೆ ಮುಂಭಾಗ ಇಲ್ಲ, ಬರೀ ಬೆನ್ನು.

ಕತೆ ಹೇಳ್ತೇನೆ, ಸ್ವಲ್ಪ ಉದ್ದ ಆಗ್ಬಹುದು.

1986ರಲ್ಲಿ ನಮ್ಮ ಅಪ್ಪಚ್ಚಿ, ಅಂದ್ರೆ ಅಪ್ಪನ ತಮ್ಮ, ಅಮೆರಿಕದಿಂದ ಮೊದಲ ಸಲ ಊರಿಗೆ ಬಂದಿದ್ದ. ಶಿರಸಿ ಕಡೆ ಆಗ ಅಮೆರಿಕದಿಂದ ಯಾರಾದ್ರೂ ಬಂದ್ರೆ ಅವ್ರನ್ನ ನೋಡೋಕಿಂತ ಅವ್ರ ಸೂಟ್‌ಕೇಸ್ ನೋಡೋಕೆ ಜನ ಸೇರೋರು. ಸೋಪು, ಚಾಕ್ಲೇಟು, ಒಂದು ಕ್ಯಾಲ್ಕುಲೇಟರು, ಮತ್ತೆ ಬಟ್ಟೆಗಳ ಮಧ್ಯೆ ಇಟ್ಕೊಂಡು ಬಂದಿದ್ದ ಈ ಪುಸ್ತಕ. ಬನಾನಾ ರಿಪಬ್ಲಿಕ್ ಅಂತ ಹೆಸ್ರು. ಅಪ್ಪ ಓದಿದ್ದು ಎಸ್ಸೆಸ್ಸೆಲ್ಸಿ, ಇಂಗ್ಲಿಷನ್ನ ಒಂದೊಂದೇ ಅಕ್ಷರ ಕೂಡಿಸಿ ಓದೋದು, "ಬಾಳೆಹಣ್ಣಿನ ಅಂಗಡಿಯನಾ?" ಅಂತ ಕೇಳಿದ್ದು ನಂಗೆ ಇನ್ನೂ ನೆನಪಿದೆ. ಅಪ್ಪಚ್ಚಿ ನಕ್ಕು ಅಲ್ಲ ಅಂಗಿ ಅಂಗಡಿ ಅಂದ. ಅಂಗಿ ಅಂಗಡಿಗೆ ಬಾಳೆಹಣ್ಣಿನ ಹೆಸರು ಯಾಕೆ ಇಡ್ತಾರೆ ಅಂತ ಅಪ್ಪನಿಗೆ ಅರ್ಥ ಆಗ್ಲಿಲ್ಲ, ಅಪ್ಪಚ್ಚಿಗೂ ಪೂರ್ತಿ ಗೊತ್ತಿರ್ಲಿಲ್ಲ ಅನ್ಸತ್ತೆ, ಮಾತು ಮಿಟ್ಲಿ ಬಾಳೆ ಕಡೆಗೆ ಹೊರಳಿ ಅಲ್ಲಿಗೇ ಮುಗೀತು.

ನಂಗೆ ಎಂಟೋ ಒಂಬತ್ತೋ ವರ್ಷ. ಆ ಪುಸ್ತಕದಲ್ಲಿ ಫೋಟೋನೇ ಇರ್ಲಿಲ್ಲ, ಎಲ್ಲಾ ಕೈಯಲ್ಲಿ ಬರೆದ ಚಿತ್ರ. ಅಂಗಿ, ಚಡ್ಡಿ, ಟೋಪಿ, ಹೆಗಲಿಗೆ ಹಾಕೋ ಚೀಲ. ಅದಕ್ಕಿಂತ ವಿಚಿತ್ರ ಅಂದ್ರೆ ಅಂಗಿ ಒಳಗೆ ಮನುಷ್ಯ ಇಲ್ಲ! ಅಂಗಿ ತಾನೇ ಎದೆ ಉಬ್ಬಿಸ್ಕೊಂಡು ನಿಂತಿದೆ, ತೋಳು ಸ್ವಲ್ಪ ಮಡಚಿದೆ, ಕಾಲರ್ ಒಳಗೆ ಕುತ್ತಿಗೆ ಇಲ್ಲ. ಯಕ್ಷಗಾನ ಮೇಳದ ಚೌಕಿಯಲ್ಲಿ ವೇಷ ತೂಗು ಹಾಕಿರ್ತಾರಲ್ಲ, ಹಾಕ್ಕೊಳ್ಳೋನು ಇನ್ನೂ ಬಂದಿಲ್ಲ, ಆದ್ರೂ ಅದು ಕೌರವ ಅಂತ ಗೊತ್ತಾಗತ್ತಲ್ಲ, ಹಂಗೆ. ಪ್ರತಿ ಚಿತ್ರದ ಕೆಳಗೆ ಒಂದು ಪ್ಯಾರಾ ಬರಹ. ಬೆಲೆ ಎಲ್ಲೋ ಕೊನೇಲಿ ಸಣ್ಣಕ್ಕೆ.

ಅಪ್ಪ ರಾತ್ರಿ ಊಟ ಆದ್ಮೇಲೆ ಕವಳ ಹಾಕ್ಕೊಂಡು ಆ ಪುಸ್ತಕ ಹಿಡ್ಕೊಂಡು ಕೂರೋನು. ಓದ್ತಿದ್ನಾ ಇಲ್ವಾ ಗೊತ್ತಿಲ್ಲ. ನಾನು ಹತ್ರ ಹೋದ್ರೆ "ಮುಟ್ಟಡ ತಮಾ, ಕೈ ಎಣ್ಣೆ ಇದ್ದು" ಅನ್ನೋನು. ತೋಟ, ಮನೆ, ಶಿರಸಿ ಪೇಟೆ, ವರ್ಷಕ್ಕೊಂದ್ಸಲ ಗೋಕರ್ಣ, ಇಷ್ಟೇ ಅವನ ಓಡಾಟ. ಅಂಥ ಮನುಷ್ಯನಿಗೆ ಪ್ರವಾಸಿಗಳ ಅಂಗಿ ಮೇಲೆ ಆಸೆ ಹುಟ್ಟಿತ್ತು.

ಈಗ ನಾನು ಶಿರಸಿಯಲ್ಲಿ ಡಿಟಿಪಿ, ಫ್ಲೆಕ್ಸು, ಮದುವೆ ಕಾರ್ಡು ಮಾಡೋ ಅಂಗಡಿ ಇಟ್ಕೊಂಡಿದೇನೆ, ಇಪ್ಪತ್ತು ವರ್ಷ ಆಯ್ತು ಮಾರೋ ಸಾಮಾನಿನ ಚಿತ್ರ ಪೇಜಲ್ಲಿ ಕೂರಿಸೋದೇ ಕೆಲಸ. ಹಂಗಾಗಿ ಈ ಕ್ಯಾಟಲಾಗಿನ ಹಿಂದಿನ ಕತೆ ಹುಡುಕಿ ಹುಡುಕಿ ಓದಿದೇನೆ, ಚಟ ಅಂತ್ಲೇ ಇಟ್ಕೊಳ್ಳಿ.

ಮೆಲ್ ಝೀಗ್ಲರ್, ಪ್ಯಾಟ್ರಿಶಿಯಾ ಝೀಗ್ಲರ್ ಅಂತ ಗಂಡ ಹೆಂಡತಿ. ಇಬ್ರೂ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪೇಪರಲ್ಲಿದ್ದೋರು, ಅವನು ವರದಿಗಾರ, ಅವಳು ಚಿತ್ರ ಬರೆಯೋಳು. ಇಬ್ರೂ ಕೆಲಸ ಬಿಟ್ರು. ಅವನು ಯಾವುದೋ ಬರವಣಿಗೆ ಕೆಲಸಕ್ಕೆ ಆಸ್ಟ್ರೇಲಿಯಾಕ್ಕೆ ಹೋದೋನು ಅಲ್ಲಿ ಮಿಲಿಟರಿ ಹಳೇ ಸಾಮಾನಿನ ಅಂಗಡಿಯಿಂದ ಬ್ರಿಟಿಷ್ ಸೈನ್ಯದ ಬರ್ಮಾ ಜಾಕೆಟ್ ಒಂದು ತಂದ. ಅವಳು ಅದರ ಗುಂಡಿ ಬದಲಾಯಿಸಿ ಮೊಣಕೈಗೆ ತೇಪೆ ಹಾಕಿ ಒಂಚೂರು ಚಂದ ಮಾಡಿದ್ಳು. ಅವನು ಅದನ್ನ ಹಾಕ್ಕೊಂಡು ಹೋದಲ್ಲೆಲ್ಲ ಜನ ಎಲ್ಲಿ ತಗೊಂಡ್ರಿ ಅಂತ ಕೇಳೋಕೆ ಶುರು ಮಾಡಿದ್ರು. ಅಲ್ಲಿಂದ ಹುಟ್ಟಿದ್ದು ಅಂಗಡಿ, 1978ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮಿಲ್ ವ್ಯಾಲಿ ಅನ್ನೋ ಸಣ್ಣ ಊರಲ್ಲಿ. ಬಂಡವಾಳ 1500 ಡಾಲರು.

ಮೊದಲ ಮಾಲು ಸ್ಪೇನ್ ಸೈನ್ಯದ ಪ್ಯಾರಾಟ್ರೂಪರ್ ಅಂಗಿ, ಸೈನ್ಯ ಬೇಡ ಅಂತ ಬಿಸಾಡಿದ್ದು. ಅದರ ತೋಳೆಲ್ಲ ಗಿಡ್ಡ. ನಮ್ಮ ಶಿರಸಿ ಜಾತ್ರೆ ಅಂಗಡಿಯವ್ರಾದ್ರೆ ಏನ್ ಮಾಡ್ತಿದ್ರು? ತೋಳು ಮಡಚಿ ಪಿನ್ನು ಹಾಕಿ ತೂಗು ಹಾಕ್ತಿದ್ರು, ಗಿರಾಕಿ ಮನೆಗೆ ಹೋಗಿ ಬಿಚ್ಚಿದ್ಮೇಲೇ ಗೊತ್ತಾಗೋದು. ಇವ್ರು ತಮ್ಮ ಕ್ಯಾಟಲಾಗಲ್ಲಿ ಅದರ ಹೆಸರನ್ನೇ ಗಿಡ್ಡ ತೋಳಿನ ಅಂಗಿ ಅಂತ ಇಟ್ರು. ದೋಷ ಮೊದಲೇ ಹೇಳ್ಬಿಟ್ಟು ಅದನ್ನೇ ತಮಾಷೆ ಮಾಡೋದು. ಮೊದಲು ಸಂತೆಯಲ್ಲಿ ಕಡಿಮೆ ರೇಟಿಗೆ ಇಟ್ಟಾಗ ಯಾರೂ ಮುಟ್ಟಿರ್ಲಿಲ್ವಂತೆ, ರೇಟು ಡಬಲ್ ಮಾಡಿದ್ಮೇಲೆ ಜನ ಮುಗಿಬಿದ್ರು. ಇದನ್ನ ನಾನು ಫ್ಲೆಕ್ಸಿನಲ್ಲಿ ಒಂದ್ಸಲ ಟ್ರೈ ಮಾಡಿದೇನೆ, ಚದರಡಿಗೆ ಎರಡು ರೂಪಾಯಿ ಜಾಸ್ತಿ ಹೇಳಿದ್ದಕ್ಕೆ ಗಿರಾಕಿ ಎದುರುಗಡೆ ಅಂಗಡಿಗೆ ಹೋದ, ಇರ್ಲಿ.

ಚಿತ್ರ ಬರೆದಿದ್ದು ಕಲೆ ಅಂತ ಅಲ್ಲ, ಫೋಟೋಗ್ರಾಫರಿಗೂ ಮಾಡೆಲ್ಲಿಗೂ ಕೊಡೋಕೆ ದುಡ್ಡಿಲ್ಲ ಅಂತ. ಅವಳಿಗೆ ಚಿತ್ರ ಬರತ್ತೆ, ಅವನಿಗೆ ಬರೆಯೋಕೆ ಬರತ್ತೆ, ಖರ್ಚು ಪೋಸ್ಟಿಂದು ಮಾತ್ರ. ಬಡತನಕ್ಕೆ ಮಾಡಿದ ಉಪಾಯ ಆಮೇಲೆ ಕಂಪ್ನಿಯ ಗುರುತೇ ಆಗೋಯ್ತು. 1983ರಲ್ಲಿ ಗ್ಯಾಪ್ ಅನ್ನೋ ದೊಡ್ಡ ಕಂಪ್ನಿ ಇವ್ರನ್ನ ಕೊಂಡ್ಕೊಂಡ್ಮೇಲೆ ದುಡ್ಡಿಗೇನೂ ಕೊರತೆ ಇರ್ಲಿಲ್ಲ, ಬೇಕಾದ್ರೆ ಆನೆ ಮೇಲೆ ಮಾಡೆಲ್ ಕೂರಿಸಿ ಫೋಟೋ ತೆಗೀಬಹುದಿತ್ತು, ಆದ್ರೂ ಚಿತ್ರ ಬಿಡ್ಲಿಲ್ಲ. ಅಂಗಡಿಗಳನ್ನ ಮಾತ್ರ ನಾಟಕದ ಸ್ಟೇಜ್ ಥರ ಮಾಡಿದ್ರು, ಒಳಗೆ ಹಳೇ ಜೀಪು, ಬಿದಿರು, ತಾಳೆಮರ.

ಇವ್ರು ಮಾರ್ತಿದ್ದಿದ್ದು ಸಫಾರಿ ಬಟ್ಟೆ. ಸಫಾರಿ ಅನ್ನೋದು ಸ್ವಾಹಿಲಿ ಮಾತು, ಪ್ರಯಾಣ ಅಂತಷ್ಟೇ ಅರ್ಥ, ಅರಬ್ಬಿಯ ಸಫರ್‌ನಿಂದ ಬಂದಿದ್ದು. ಬೇಟೆಗೂ ಅದಕ್ಕೂ ಸಂಬಂಧ ಇಲ್ಲ. ಸಂಬಂಧ ಕಟ್ಟಿದ್ದು ಬಿಳಿಯರು. ಅಮೆರಿಕದ ಅಧ್ಯಕ್ಷಗಿರಿ ಮುಗಿಸಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಸಾಮಾನು ಒದಗಿಸಿದ್ದು ನ್ಯೂಯಾರ್ಕಿನ ಅಬರ್‌ಕ್ರಾಂಬಿ ಆಂಡ್ ಫಿಚ್. ಅದೇ ವರ್ಷ ಆ ಅಂಗಡಿಯವ್ರು 456 ಪುಟದ ಕ್ಯಾಟಲಾಗ್ ಮಾಡಿ 50,000 ಪ್ರತಿ ಅಂಚೆಯಲ್ಲಿ ಕಳಿಸಿದ್ರು, ಆ ಖರ್ಚಿಗೆ ಕಂಪ್ನಿನೇ ಮುಳುಗೋದರಲ್ಲಿತ್ತು. 456 ಪುಟ! ನಮ್ಮಲ್ಲಿ ಎಂಟು ಪುಟದ ಬ್ರೋಷರ್ ಮಾಡಿಸೋಕೆ ಬಂದೋರು ನಾಕಕ್ಕೆ ಇಳಿಸಿ ಕೊನೆಗೆ ವಾಟ್ಸಾಪಿಗೆ ಒಂದು ಇಮೇಜ್ ಸಾಕು ಅಂತಾರೆ.

ಆ ಬಟ್ಟೆಯ ಬಣ್ಣ ಮಾತ್ರ ಆಫ್ರಿಕಾದ್ದಲ್ಲ, ನಮ್ಮ ಕಡೇದು. ಖಾಕ್ ಅಂದ್ರೆ ಧೂಳು, ಖಾಕಿ ಅಂದ್ರೆ ಧೂಳಿನ ಬಣ್ಣ. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಅನ್ನೋ ಬ್ರಿಟಿಷ್ ಅಧಿಕಾರಿ ಕಟ್ಟಿದ ಗೈಡ್ಸ್ ಪಡೆಯವ್ರು ಮೊದಲು ಖಾಕಿ ಹಾಕ್ಕೊಂಡ್ರು ಅಂತ ಚರಿತ್ರೆ ಪುಸ್ತಕದೋರು ಬರೀತಾರೆ. ಮಂಗಳೂರಿನವ್ರನ್ನ ಕೇಳಿದ್ರೆ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆ ಹೆಸರು ಹೇಳ್ತಾರೆ, 1850ರ ದಶಕದಲ್ಲಿ ಅಲ್ಲಿದ್ದ ಹಾಲರ್ ಅನ್ನೋ ಜರ್ಮನ್ ನೇಕಾರ ಖಾಕಿ ಬಣ್ಣ ಕಂಡುಹಿಡಿದ ಅಂತ. ಕರಾವಳಿ ಜಿಲ್ಲೆಯವನಾಗಿ ನಾನು ಮಂಗಳೂರು ಪಾರ್ಟಿ, ಸಾಕ್ಷಿ ಕೇಳ್ಬೇಡಿ. ಏನೇ ಇರ್ಲಿ, ಈ ದೇಶದ ಧೂಳಿನ ಬಣ್ಣದ ಅಂಗಿ ಬ್ರಿಟಿಷ್ ಸೈನ್ಯದ ಮೈಮೇಲೆ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಬೇಟೆಗಾರರ ಜೊತೆ ಅಮೆರಿಕಕ್ಕೆ ಹೋಗಿ, 1968ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಈವ್ ಸೇಂಟ್ ಲೊರಾಂ ಅನ್ನೋ ಡಿಸೈನರ್ ಕೈಯಲ್ಲಿ ಹೆಂಗಸ್ರ ಫ್ಯಾಷನ್ನೂ ಆಗಿ, ಕೊನೆಗೆ ಅಪ್ಪಚ್ಚಿಯ ಸೂಟ್‌ಕೇಸಿನಲ್ಲಿ ಚಿತ್ರವಾಗಿ ನಮ್ಮನೆ ಜಗುಲಿಗೆ ಬಂತು.

ಅಷ್ಟೊತ್ತಿಗೆ ನಮ್ಮಲ್ಲಿ ಸಫಾರಿ ಇರ್ಲಿಲ್ಲ ಅಂತಲ್ಲ. ಎಲ್ಲಾ ಕಡೆ ಇತ್ತು! ಬ್ಯಾಂಕ್ ಮ್ಯಾನೇಜರು, ಬಿಇಒ, ಪಿಡಬ್ಲ್ಯುಡಿ ಇಂಜಿನಿಯರು, ಮದುವೆ ಗಂಡಿನ ಭಾವ, ಎಲ್ರೂ ಸಫಾರಿ. ಟೆರಿಕಾಟಿಂದು, ಅರ್ಧ ತೋಳು, ಪ್ಯಾಂಟೂ ಅದೇ ಬಟ್ಟೆ, ಬೂದಿ ಬಣ್ಣ ಇಲ್ಲಾ ಕಾಫಿ ಬಣ್ಣ, ಎದೆ ಕಿಸೇಲಿ ಎರಡು ಪೆನ್ನು. ಮದುವೇಲಿ ಉಡುಗೊರೆ ಕೊಡೋದೇ ಸಫಾರಿ ಪೀಸು. ಅದು ಕಾಡಿಗೆ ಹೋಗೋ ಬಟ್ಟೆ ಅಂತ ಯಾರಿಗೂ ಅನಿಸಿರ್ಲಿಲ್ಲ, ಆಫೀಸಿಗೆ ಹೋಗೋ ಬಟ್ಟೆ ಅಂತ್ಲೇ ಲೆಕ್ಕ. ಅಪ್ಪನ ಹತ್ರಾನೂ ಒಂದಿತ್ತು, ಬೆವರು ಹೀರ್ತಿರ್ಲಿಲ್ಲ ಅಂತ ಬೈಕೊಂಡೇ ಹಾಕೋನು. ಚಿತ್ರದ ಅಂಗಿ ಬೇರೆ ಅಂತ ಅವನಿಗೆ ನೋಡಿದ ಕೂಡ್ಲೇ ಗೊತ್ತಾಗಿತ್ತು.

ಹಂಗಾಗಿ ಒಂದಿನ ಪುಸ್ತಕ ಪೇಪರಲ್ಲಿ ಸುತ್ಕೊಂಡು, ಖಾಕಿ ಡ್ರಿಲ್ ಬಟ್ಟೆ ಎರಡೂವರೆ ಮೀಟರು ತಗೊಂಡು, ನನ್ನನ್ನೂ ಕರ್ಕೊಂಡು ಬಿಡ್ಕಿಬೈಲ್ ಹತ್ರದ ಸಂದಿಯಲ್ಲಿದ್ದ ಟೇಲರ್ ಹತ್ರ ಹೋದ. ಟೇಲರ್ ಗೋಡೆ ಮೇಲೂ ಚಿತ್ರಗಳಿದ್ವು, ಮಿಲ್ಲಿನವ್ರು ಕೊಡೋ ಪೋಸ್ಟರು, ಕಾಲರ್ ನಮೂನೆಯ ಆಲ್ಬಮ್ಮು. ಅದರಲ್ಲಿರೋ ಗಂಡಸ್ರೆಲ್ಲ ಏಳಡಿ ಉದ್ದ, ಒಂದು ಕೈ ಸೊಂಟದ ಮೇಲೆ, ಗಲ್ಲ ಕತ್ತಿ ಥರ ಚೂಪು. ನಾವು ಆ ಚಿತ್ರ ತೋರಿಸಿ "ಇಂಥ ಕಾಲರ್" ಅಂತ ಹೇಳೋದು, ಅವ್ನು ತನಗೆ ಬರೋ ಕಾಲರನ್ನೇ ಹೊಲಿಯೋದು. ಅದು ಎರಡೂ ಕಡೆಯವ್ರಿಗೆ ಗೊತ್ತಿರೋ ಒಪ್ಪಂದ.

ಈ ಚಿತ್ರ ನೋಡಿ ಮಾತ್ರ ಟೇಲರ್ ಕನ್ನಡಕ ಹಣೆಗೇರಿಸಿ ಬೆಳಕಿಗೆ ಹಿಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಹಾಳೆ ತಿರುಗಿಸಿದ. ಹಿಂದಿನ ಪುಟದಲ್ಲಿ ಯಾವುದೋ ಟೋಪಿ ಇತ್ತು.

"ಹೆಗಡೇರೆ, ಮುಂದಿಂದು ಸರಿ. ಬೆನ್ನು ಎಲ್ಲಿ?"

"ಬೆನ್ನು ಇದ್ದೇ ಇರ್ತದಲ್ಲ ಮಾರಾಯಾ."

"ಇರ್ತದೆ, ಆದ್ರೆ ಹ್ಯಾಗಿರ್ತದೆ? ಈ ಬೆಲ್ಟು ಹಿಂದೆ ಹೊಲಿದಿದ್ದೋ ಸುತ್ತ ಬರ್ತದೋ? ತೋಳು ಇಷ್ಟು ಮುಂದೆ ಬಂದಿದೆ ಅಂದ್ರೆ ಬೆನ್ನಲ್ಲಿ ಬಟ್ಟೆ ಬಿಟ್ಟಿರ್ಬೇಕು. ಎಲ್ಲಿ ಬಿಟ್ಟಿದಾರೆ?"

ನಾನು ಈಗ ಯೋಚನೆ ಮಾಡಿದ್ರೆ ಆ ಚಿತ್ರವನ್ನ ಅಷ್ಟು ಸರಿಯಾಗಿ ಓದಿದ್ದು ಅವನೊಬ್ನೇ. ಅಪ್ಪ ನೋಡಿದ್ದು ಅದರೊಳಗಿನ ಖಾಲಿ ಜಾಗ, ತಾನು ತೂರ್ಕೊಳ್ಳೋಕೆ. ಫೋಟೋ ಆಗಿದ್ರೆ ಅಲ್ಲೊಬ್ಬ ಬಿಳಿ ಮನುಷ್ಯ ನಿಂತಿರ್ತಿದ್ದ, ಅಪ್ಪ ಅವನ ಬಟ್ಟೆ ನೋಡಿ ಪುಟ ತಿರುಗಿಸ್ತಿದ್ದ. ಯಾರೂ ಇಲ್ದಿದ್ದಕ್ಕೇ ಶಿರಸಿ ತಾಲೂಕಿನ ಅಡಿಕೆ ತೋಟದ ಹೆಗಡೆಗೂ ಅದರಲ್ಲಿ ಜಾಗ ಸಿಕ್ತು. ಆ ಗಂಡ ಹೆಂಡತಿ ಇದನ್ನ ತಿಳಿದೇ ಮಾಡಿದ್ರೋ ಇಲ್ಲಾ ಮಾಡೆಲ್ಲಿಗೆ ದುಡ್ಡಿಲ್ಲ ಅಂತ ಮಾಡಿದ್ದು ಹಂಗೆ ಒದಗಿ ಬಂತೋ, ಎರಡನೇದು ಅಂತ್ಲೇ ನನ್ನ ಅಂದಾಜು. ಆದ್ರೆ ಟೇಲರಿಗೆ ಖಾಲಿ ಜಾಗದಿಂದ ಉಪಯೋಗ ಇಲ್ಲ. ಅವನಿಗೆ ಬೇಕಾಗಿದ್ದು ಬೆನ್ನು.

ಕಿವಿಯಿಂದ ಪೆನ್ಸಿಲ್ ತೆಗೆದು, ಅಪ್ಪ ಬೇಡ ಅನ್ನೋದರೊಳಗೆ, ಆ ಚಂದದ ಪುಟದ ಮೇಲೇ ಗೀಚೋಕೆ ಶುರು ಮಾಡಿದ. ಮೇಲೆ ಹೆಗಲಗಲದ ಯೋಕ್ ತುಂಡು, ಎರಡು ಹೆಗಲಿಂದ ಸೊಂಟದವರೆಗೆ ಒಂದೊಂದು ಪ್ಲೀಟು, ಅಂದ್ರೆ ಮಡಿಕೆ, ಕೈ ಮುಂದೆ ಚಾಚಿದ್ರೆ ಬಿಚ್ಕೊಳ್ಳೋ ಹಂಗೆ, ನಡುವೆ ಹೊಲಿದ ಅರ್ಧ ಬೆಲ್ಟು. ಪಕ್ಕದಲ್ಲಿ ಅಳತೆ. ಅಪ್ಪನ ಮುಖ ಕೆಂಪಾಗಿತ್ತು, ಅಮೆರಿಕದ ಪುಸ್ತಕ! ಆದ್ರೆ ಗೀಚಿ ಮುಗಿಸಿದ್ಮೇಲೆ ನೋಡಿ ಸುಮ್ನಾದ. ಮಜಾ ಅಂದ್ರೆ ಹೋದ ವರ್ಷ ನಾನು ಬೇಟೆಗಾರರು ಹಾಕೋ ಹಳೇ ಬುಷ್ ಜಾಕೆಟ್ಟುಗಳ ಫೋಟೋ ನೋಡ್ತಾ ಕೂತಾಗ ಬೆನ್ನು ಹೆಚ್ಚುಕಡಿಮೆ ಹಂಗೇ ಇತ್ತು. ಬಂದೂಕು ಎತ್ತೋಕೆ ಹೆಗಲಿಗೆ ಸಲೀಸಾಗ್ಲಿ ಅಂತ ಆ ಪ್ಲೀಟು. ಟೇಲರ್ ಬಂದೂಕು ಹಿಡಿದವನಲ್ಲ, ತೋಳಿನ ವಾಲಿಕೆ ನೋಡಿ ಲೆಕ್ಕ ಹಾಕಿದ್ದ.

ಕಿಸೆ ಬಗ್ಗೆ ದೊಡ್ಡ ಚರ್ಚೆ ಆಯ್ತು. ಚಿತ್ರದ ಕಿಸೆ ಅಂಗಿಗೆ ಚಪ್ಪಟೆ ಅಂಟಿರ್ಲಿಲ್ಲ, ಪಕ್ಕದಲ್ಲಿ ಮಡಿಕೆ ಇತ್ತು, ತುಂಬಿದ್ರೆ ತಿದಿ ಥರ ಉಬ್ಬೋದು. ಅದು ಮೂಲದಲ್ಲಿ ಬಂದೂಕಿನ ತೋಟಾ ಇಟ್ಕೊಳ್ಳೋಕೆ. "ತೋಟಾ ಅಲ್ಲದಿದ್ರೆ ತೋಟಕ್ಕೆ ಆಗ್ತದೆ ಬಿಡಿ" ಅಂತ ಟೇಲರ್ ನಕ್ಕಿದ್ದ. ಹೆಗಲ ಮೇಲಿನ ಪಟ್ಟಿ ಯಾಕೆ ಅಂತ ಅಪ್ಪ ಕೇಳಿದ, ಪೊಲೀಸ್ರಿಗೆ ಸ್ಟಾರ್ ಹಾಕೋಕೆ, ನಿಮಗೆ ಚೀಲ ಜಾರ್ದೇ ಇರೋಕೆ ಅಂದ. ನಾಕು ಕಿಸೆ, ನಾಕು ಫ್ಲಾಪು, ಎಲ್ಲಾ ಕಡೆ ಡಬಲ್ ಹೊಲಿಗೆ, ಹದಿನೈದು ದಿನ ಅಂದೋನು ಎರಡು ತಿಂಗಳು ಮಾಡಿದ. ಅದು ಟೇಲರುಗಳ ಧರ್ಮ.

ಅಂಗಿ ಬಂದ ದಿನ ಆಯಿ, ಅಂದ್ರೆ ಅಮ್ಮ, ನೋಡಿ ಹೇಳಿದ್ದು ಒಂದೇ ಮಾತು, "ಥೇಟ್ ಕಂಡಕ್ಟರ್ ಕಂಡಾಂಗೆ ಕಾಣ್ತು." ಸುಳ್ಳಲ್ಲ. ಮೊದಲ ಸಲ ಹಾಕ್ಕೊಂಡು ಶಿರಸಿಗೆ ಹೋದಾಗ ಬಸ್ ಸ್ಟ್ಯಾಂಡಲ್ಲಿ ಮೂರು ಜನ ಬಂದು ಸಾಗರದ ಬಸ್ ಹೋಯ್ತಾ ಅಂತ ಕೇಳಿದ್ರು, ಒಬ್ಳು ಅಜ್ಜಿ ದುಡ್ಡೂ ಚಾಚಿದ್ಳಂತೆ. ಅಪ್ಪ ಆಮೇಲೆ ಪೇಟೆಗೆ ಅದನ್ನ ಹಾಕ್ಲಿಲ್ಲ. ಖಾಕಿ ಅಂದ್ರೆ ಅಮೆರಿಕದೋರಿಗೆ ಸಾಹಸ, ನಮಗೆ ಡಿಪಾರ್ಟ್‌ಮೆಂಟು. ಕಂಡಕ್ಟರು, ಪೊಲೀಸು, ಫಾರೆಸ್ಟ್ ಗಾರ್ಡು. ಅದನ್ನ ಯಾವ ಚಿತ್ರಾನೂ ಅಳಿಸೋಕಾಗಲ್ಲ.

ಹಂಗಾಗಿ ಅಂಗಿ ತೋಟಕ್ಕೆ ಹೋಯ್ತು. ಅಲ್ಲಿ ಅದರ ನಿಜವಾದ ಸಫಾರಿ ಶುರು. ಮೇಲಿನ ಎಡಗಿಸೇಲಿ ಕವಳದ ಸಂಚಿ, ಬಲಗಿಸೇಲಿ ಬೀಡಿ (ಆಯಿಗೆ ಗೊತ್ತಿಲ್ಲ ಅಂತ ಅವನ ನಂಬಿಕೆ), ಕೆಳಗಿನ ಒಂದರಲ್ಲಿ ಚೂರಿ, ಸುತಲಿ ದಾರ, ಇನ್ನೊಂದರಲ್ಲಿ ಉಂಬಳಕ್ಕೆ, ಅಂದ್ರೆ ಜಿಗಣೆಗೆ, ಸುಣ್ಣ ತಂಬಾಕು ಕಟ್ಟಿದ ಬಟ್ಟೆ ಗಂಟು. ಕೊನೆ ಕೊಯ್ಲಲ್ಲಿ ಉದುರಡಿಕೆ ಹೆಕ್ಕಿ ಹಾಕಿದ್ರೆ ಒಂದೊಂದು ಕಿಸೆ ನಲವತ್ತು ಐವತ್ತು ಅಡಿಕೆ ಹಿಡಿಯೋದು, ನಾನೇ ಎಣಿಸಿದೇನೆ. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋ ದಿನ ಅದೇ ಅಂಗಿ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು, ಕೊನೆಗೌಡ ಮರದ ಮೇಲಿಂದ ಹೊಡೀತಿದ್ರೆ ಕೆಳಗೆ ಪೈಪು ಹಿಡಿದು ನಿಂತ ಅಪ್ಪನ ಮೈಮೇಲೆಲ್ಲ ನೀಲಿ ಹನಿ. ಅದಕ್ಕೂ ಬೋರ್ಡೋ ಅಂತ ಫ್ರಾನ್ಸಿನ ದ್ರಾಕ್ಷಿ ಸೀಮೆಯ ಹೆಸರು. ಎರಡು ವರ್ಷದಲ್ಲಿ ಖಾಕಿ ಮೇಲೆ ನೀಲಿ ಚುಕ್ಕೆ, ಅದರ ಮೇಲೆ ಅಡಿಕೆ ಚೊಗರಿನ ಕಂದು ಕಲೆ, ಎಷ್ಟು ಒಗೆದ್ರೂ ಹೋಗಲ್ಲ. ಈ ಬಟ್ಟೆಗೆ ಒಂದೇ ದೋಷ, ಆಷಾಢದಲ್ಲಿ ಒದ್ದೆ ಆದ್ರೆ ಶ್ರಾವಣದವರೆಗೆ ಒಣಗಲ್ಲ. ಬಚ್ಚಲ ಒಲೆ ಮೇಲೆ ತೂಗು ಹಾಕ್ಬೇಕು, ಒಣಗೋದರೊಳಗೆ ಹೊಗೆ ವಾಸನೆ. ಆಫ್ರಿಕಾದ ಬಯಲಿಗೆ ಮಾಡಿದ ಬಟ್ಟೆ, ಶಿರಸಿ ಮಳೆ ಅದಕ್ಕೇನು ಗೊತ್ತು.

ಹದಿನೆಂಟು ವರ್ಷ ಹಾಕಿದ. ಕೊನೆಗೆ ಕಾಲರ್ ಹರಿದು, ತೋಳು ಕಿತ್ತು, ಉಳಿದಿದ್ದನ್ನ ಆಯಿ ಕೊಟ್ಟಿಗೆ ಬಾಗಿಲಿಗೆ ಕಾಲೊರೆಸೋಕೆ ಹಾಕಿದ್ಳು. ಕಿಸೆಗಳು ಆಗ್ಲೂ ಗಟ್ಟಿ ಇದ್ವು.

ಬನಾನಾ ರಿಪಬ್ಲಿಕ್ ಅನ್ನೋ ಹೆಸ್ರಿನ ಬಗ್ಗೆ ಒಂದು ಮಾತು ಹೇಳ್ಬೇಕು, ಅಪ್ಪನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರ್ಲಿಲ್ವಲ್ಲ. 1904ರಲ್ಲಿ ಒಬ್ಬ ಅಮೆರಿಕನ್ ಕತೆಗಾರ ಹೊಂಡುರಾಸನ್ನ ಮನಸ್ಸಲ್ಲಿಟ್ಕೊಂಡು ಹುಟ್ಟಿಸಿದ ಮಾತದು. ಅಮೆರಿಕದ ಹಣ್ಣಿನ ಕಂಪ್ನಿಗಳು ಬಾಳೆತೋಟ, ರೈಲು, ಬಂದರು ಎಲ್ಲಾ ಹಿಡ್ಕೊಂಡು ಸರ್ಕಾರಗಳನ್ನೇ ಕುಣಿಸ್ತಿದ್ವಲ್ಲ, ಅಂಥ ಬಡ ದೇಶಗಳಿಗೆ ಇಟ್ಟ ಅಡ್ಡಹೆಸರು. ಅದನ್ನ ಅಂಗಿ ಅಂಗಡಿಗೆ ಇಟ್ಟಿದ್ದು ತಮಾಷೆಗೇ, ಆ ಗಂಡ ಹೆಂಡತಿಗೆ ಎಲ್ಲದರಲ್ಲೂ ತಮಾಷೆ. ಆದ್ರೆ ಬಾಳೆಗೊನೆ ಬೆನ್ನ ಮೇಲೆ ಹೊತ್ತೋರಿಗೆ ಅದು ತಮಾಷೆ ಆಗತ್ತಾ ಅಂತ ನಂಗೆ ಅನುಮಾನ. ಚಿತ್ರದಲ್ಲಿ ಮನುಷ್ಯ ಇಲ್ಲ ಅಂತ ನಾನು ಹೊಗಳಿದ್ನಲ್ಲ, ಅದರ ಇನ್ನೊಂದು ಮಗ್ಗುಲು ಇದೇ ಇರ್ಬೇಕು. ಸೈನ್ಯದ ಅಂಗಿ ಇದೆ ಸೈನಿಕ ಇಲ್ಲ, ಗೂರ್ಖಾ ಚಡ್ಡಿ ಇದೆ ಗೂರ್ಖಾ ಇಲ್ಲ, ಬೇಟೆ ಕೋಟಿದೆ ಸತ್ತ ಪ್ರಾಣಿ ಇಲ್ಲ. ಅವ್ರನ್ನೆಲ್ಲ ತೆಗೆದಿದ್ದಕ್ಕೇ ಪುಟ ಅಷ್ಟು ಹಗುರಾಗಿದೆ. ಇದು ಗೊತ್ತಿದ್ದೂ ಆ ಪುಟ ನೋಡಿದ್ರೆ ನಂಗೆ ಈಗ್ಲೂ ಅಂಗಿ ಬೇಕು ಅನ್ಸತ್ತೆ, ಏನ್ ಮಾಡೋಣ.

1988ರಲ್ಲಿ ಆ ದಂಪತಿ ಕಂಪ್ನಿ ಬಿಟ್ಟು ಹೊರಟ್ರು, ಚಿತ್ರದ ಕ್ಯಾಟಲಾಗೂ ನಿಲ್ತು, ಜೀಪು ಬಿದಿರು ಎಲ್ಲಾ ಎತ್ತಂಗಡಿ, ಬನಾನಾ ರಿಪಬ್ಲಿಕ್ ಸಾದಾ ಆಫೀಸ್ ಬಟ್ಟೆ ಬ್ರ್ಯಾಂಡಾಯ್ತು. ಅದಕ್ಕಿಂತ ಒಂದು ವರ್ಷ ಮುಂಚೆ ಕೆಂಟಕಿಯ ಜೆ. ಪೀಟರ್‌ಮನ್ ಅನ್ನೋರು ಇದೇ ಚಿತ್ರ ಮತ್ತು ಕತೆಯ ದಾರಿ ಹಿಡಿದಿದ್ರು. ಈಗ ಹಳೇ ಬನಾನಾ ಕ್ಯಾಟಲಾಗುಗಳನ್ನ ಜನ ಸಂಗ್ರಹಕ್ಕೆ ಕೊಂಡ್ಕೊಳ್ತಾರೆ, 2021ರಲ್ಲಿ ಕಂಪ್ನಿಯೇ ತನ್ನ ಹಳೇ ಬಟ್ಟೆಗಳನ್ನ ವಿಂಟೇಜ್ ಅಂತ ಮಾರೋಕೆ ಶುರು ಮಾಡ್ತು. ನಮ್ಮ ಕಾಪಿಗೆ ಹುಳ ಹಿಡಿದಿರೋದ್ರಿಂದ ಯಾರೂ ಕೊಳ್ಳಲ್ಲ ಬಿಡಿ.

ಈಗಿನ ಕತೆ ಕೇಳಿ. ಹೋದ ಡಿಸೆಂಬರಲ್ಲಿ ಮಕ್ಕಳನ್ನ ಕರ್ಕೊಂಡು ದಾಂಡೇಲಿ ಹತ್ರ ಫಣಸೋಳಿಗೆ ಸಫಾರಿಗೆ ಹೋಗೋಣ ಅಂತ ಆಯ್ತು. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಜೋರು ಬಣ್ಣದ ಬಟ್ಟೆ ಬೇಡ ಅಂತಾರೆ, ಹಂಗಾಗಿ ಆನ್‌ಲೈನಲ್ಲಿ ಸಫಾರಿ ಶರ್ಟ್ ಅಂತ ಹುಡುಕಿದೆ. ಫೋಟೋದಲ್ಲಿ ಗಡ್ಡದ ಹುಡ್ಗ, ಹಿಂದೆ ಜೀಪು, ನಾಕು ಕಿಸೆ. ಆರ್ಡರ್ ಹಾಕ್ದೆ. ಬಂತು. ಬಣ್ಣ ಚೆನ್ನಾಗೇ ಇದೆ, ಮೊಬೈಲ್ ಇಡೋಣ ಅಂತ ಕೆಳಗಿನ ಫ್ಲಾಪ್ ಎತ್ತಿದ್ರೆ ಅಡಿಗೆ ಕಿಸೆನೇ ಇಲ್ಲ! ಬರೀ ಮುಚ್ಚಳ, ಗುಂಡಿ ಸಮೇತ. ಪಾತ್ರೆ ಇಲ್ದೆ ತಟ್ಟೆ ಮುಚ್ಚಿದ ಹಂಗೆ. ಒಂಬತ್ತು ಫೋಟೋ ಹಾಕಿದ್ರು ಆ ಪೇಜಲ್ಲಿ, ಬೆನ್ನಿಂದೂ ಇತ್ತು, ಝೂಮ್ ಮಾಡಿ ನೂಲು ಎಣಿಸ್ಬಹುದಿತ್ತು, ಕಿಸೆ ಇಲ್ಲ ಅನ್ನೋದು ಮಾತ್ರ ಒಂದರಲ್ಲೂ ಕಾಣ್ತಿರ್ಲಿಲ್ಲ.

ಹಂಗೇ ಹಾಕ್ಕೊಂಡು ಹೋದೆ. ಜೀಪಲ್ಲಿ ಹುಬ್ಬಳ್ಳಿ ಬೆಂಗಳೂರು ಕಡೆಯ ಎಂಟು ಜನ, ಎಲ್ರೂ ಹೊಸ ಆಲಿವ್ ಹಸಿರು, ಇಸ್ತ್ರಿ ಗೆರೆ ಇನ್ನೂ ಮಾಸಿಲ್ಲ. ಕಾಟಿ ಕಂಡ್ವು, ಜಿಂಕೆ ಕಂಡ್ವು, ಕರಿ ಚಿರತೆ ಅಂತ ಒಬ್ರು ಕೂಗಿದ್ದು ಮರದ ಬೊಡ್ಡೆ. ಗೇಟಲ್ಲಿ ನಿಂತಿದ್ದ ವಾಚರ್ ಅಂಗಿ ಮಾತ್ರ ಕ್ಯಾಟಲಾಗಿನ ಅಂಗಿಗೆ ಹತ್ರ ಇತ್ತು, ತೊಳೆದು ತೊಳೆದು ಬಣ್ಣ ಬಿಟ್ಟ ಖಾಕಿ, ಒಂದು ಕಿಸೆ ಉಬ್ಬಿತ್ತು. ಏನಿದೆ ಅಂತ ಕೇಳ್ಬೇಕು ಅನ್ಸಿತ್ತು, ಕೇಳ್ಲಿಲ್ಲ.

ಅಟ್ಟದಲ್ಲಿ ಆ ಪುಟ ಸಿಕ್ಕಿದ್ದೇ ತಡ, ನನ್ನ ಅಂಗಡೀಲೇ ಕಲರ್ ಜೆರಾಕ್ಸ್ ತೆಗೆದು, ಪೆನ್ಸಿಲ್ ಗೆರೆ ಸರಿ ಕಾಣ್ಲಿ ಅಂತ ಸ್ವಲ್ಪ ಡಾರ್ಕ್ ಮಾಡಿ, ಟೇಲರ್ ಅಂಗಡಿಗೆ ಹೋದೆ. ಈಗ ಅವನ ಮಗ ಕೂರ್ತಾನೆ, ಹೆಚ್ಚಾಗಿ ಆಲ್ಟ್ರೇಶನ್ನು ಮತ್ತೆ ಶಾಲೆ ಯುನಿಫಾರ್ಮು. ಹಾಳೆ ಕೊಟ್ಟೆ. ಅಮೆರಿಕದ ಚಿತ್ರವನ್ನ ಒಂದು ಕ್ಷಣ ನೋಡಿ ಬಿಟ್ಟ, ಪೆನ್ಸಿಲ್ ಬೆನ್ನನ್ನ ತುಂಬಾ ಹೊತ್ತು ನೋಡಿದ.

"ಅಪ್ಪಂದು ಅಕ್ಷರ" ಅಂದ. ಆಮೇಲೆ, "ಇಲ್ಲೊಂದು ತಪ್ಪಿದೆ ನೋಡಿ ಹೆಗಡೇರೆ. ಈ ಪ್ಲೀಟು ಬೆಲ್ಟಿನ ಕೆಳಗೂ ಬಿಟ್ಟಿದಾರೆ, ಕೂತ್ರೆ ಹಿಂದೆ ಉಬ್ಬತ್ತೆ. ಅಲ್ಲಿ ಹೊಲಿಗೆ ಮುಚ್ಬೇಕು."

ಉಬ್ತಿತ್ತು. ಅಪ್ಪ ಜಗುಲಿ ಮೇಲೆ ಕೂತಾಗ ಹಿಂದೆ ಕೋಳಿ ಪುಕ್ಕದ ಹಂಗೆ ಎದ್ದು ನಿಲ್ತಿತ್ತು, ನಾವೆಲ್ಲ ನಗ್ತಿದ್ವಿ.

ಬಟ್ಟೆ ಸ್ಟ್ರೆಚ್ ತಗೊಳ್ಳಿ ಅಂದ, ಬೇಡ ಡ್ರಿಲ್ಲೇ ಆಗ್ಬೇಕು ಅಂದೆ. ಈಗಿನ ಕಾಲಕ್ಕೆ ನಾಕು ಕಿಸೆ ಯಾಕೆ, ಕೆಳಗಿಂದು ಎರಡಕ್ಕೆ ಬರೀ ಫ್ಲಾಪ್ ಕೂರಿಸಿದ್ರೆ ನೋಡೋಕೆ ಹಂಗೇ ಇರತ್ತೆ, ಇನ್ನೂರು ರೂಪಾಯಿ ಮಜೂರಿ ಕಡಿಮೆ ಆಗತ್ತೆ ಅಂದ. ಅಲ್ಲೇ ಸಣ್ಣ ಜಗಳ ಆಯ್ತು. ಕೊನೆಗೆ ನಾಕೂ ಕಿಸೆ, ನಾಕೂ ತಿದಿ ಥರದ್ದು, ಮಡಿಕೆ ಒಂದೂಕಾಲು ಇಂಚು, ಅಂತ ಅದೇ ಹಾಳೆ ಮೇಲೆ ಬರೆಸಿ ಅಡ್ವಾನ್ಸ್ ಕೊಟ್ಟು ಬಂದೆ. ಯಾವಾಗ ಸಿಗತ್ತೆ ಅಂದಿದ್ದಕ್ಕೆ ಮದುವೆ ಸೀಸನ್ ಮುಗಿಯೋತನಕ ಕೇಳ್ಬೇಡಿ ಅಂದ. ಅಷ್ಟೊತ್ತಿಗೆ ಮಳೆ ಹಿಡಿದಿರತ್ತೆ, ಒಂದ್ಸಲ ಒಗೆದ್ರೆ ಬಚ್ಚಲ ಒಲೆ ಮೇಲೇ ತೂಗು ಹಾಕ್ಬೇಕು.